ಮಾವನ ಚಾನೆಲ್ಲು, ಅತ್ತೆಯ ಕುಕ್ಕರು

ನಮ್ಮ ಸೋದರಮಾವ ಮಂಡ್ಯ ಜಿಲ್ಲೆಯ ಮಾಧ್ಯಮ ದೊರೆ. ಹೀಗೆಂದು ಘೋಷಿಸಿದವರು ಯಾರು ಎನ್ನುತ್ತೀರಾ? ಅವರೇ! ವಿಸಿಟಿಂಗ್ ಕಾರ್ಡಿನಲ್ಲಿ 'ಮಾಧ್ಯಮ ಉದ್ಯಮಿ ಮತ್ತು ಹೂಡಿಕೆದಾರರು' ಎಂದು ಅಚ್ಚು ಹಾಕಿಸಿ ಮದ್ದೂರು ಬಸ್ಸಿನ ಕಂಡಕ್ಟರಿಗೂ ಒಂದು ಕೊಟ್ಟಿದ್ದರು. ಆತ ಅದನ್ನು ಮಡಿಸಿ ಹಲ್ಲು ಚುಚ್ಚಿಕೊಂಡ ಎಂಬುದು ಬೇರೆ ಮಾತು.

ಈ ಮಾವನ ಕಥೆ ಹೇಳಿಕೊಂಡು ನಾವು ನಗದ ಮದುವೆಯಿಲ್ಲ, ನಾಮಕರಣವಿಲ್ಲ. ಹೋದ ವರ್ಷದಿಂದ ಮಾತ್ರ ಆ ನಗು ಅರ್ಧಕ್ಕೇ ನಿಲ್ಲುತ್ತಿದೆ. ಅತ್ತೆ ಇಲ್ಲ. ಅತ್ತೆಯಿಲ್ಲದೆ ಮಾವನ ಕಥೆ ಹೇಳುವುದು ಕಷ್ಟ. ಆದರೂ ಹೇಳುತ್ತೇನೆ.

ಮಾವನ ಮಾಧ್ಯಮ ಜೀವನ ಶುರುವಾದದ್ದು ಮಳವಳ್ಳಿಯಲ್ಲಿ, ಮೈಕು ಕಟ್ಟಿದ ಆಟೋದೊಳಗೆ. ಹೊಸ ಸಿನಿಮಾ, ತಪ್ಪಿಸಿಕೊಂಡ ಎಮ್ಮೆ, ಸತ್ತವರ ಸುದ್ದಿ, ಎಲ್ಲಕ್ಕೂ ಒಂದೇ ಕಂಠ, ಒಂದೇ ಹುರುಪು! ಒಮ್ಮೆ ಹಲಗೂರಿನ ಹಿರಿಯ ಗೌಡರೊಬ್ಬರು ತೀರಿಕೊಂಡರು. ಮಾವ ಊರೂರು ಸುತ್ತಿ, ನಾಳೆ ಬೆಳಿಗ್ಗೆ ಅವರ ತೋಟದಲ್ಲಿ ಅಂತ್ಯಕ್ರಿಯೆ ಎಂದು ಸಾರಿದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೆ? ಸಿನಿಮಾ ಕೂಗಿ ಕೂಗಿ ಅಭ್ಯಾಸವಾದ ಬಾಯಿ! "ತಪ್ಪದೆ ಬನ್ನಿ, ನೋಡಿ ಆನಂದಿಸಿ!" ಎಂದುಬಿಟ್ಟರು. ಗೌಡರ ಮಗ ಆಟೋ ಅಡ್ಡಗಟ್ಟಿದ.

"ಲೇ, ಸತ್ತಿರೋದು ನಮ್ಮಪ್ಪ ಕಣ್ಲಾ! ಆನಂದಿಸಕ್ಕೆ ಅಲ್ಲೇನ್ಲಾ ಐತೆ?"

ಅವತ್ತು ಮಾವ ಒಂದು ನಿಯಮ ಮಾಡಿಕೊಂಡರು. ಸಾವಿನ ಸುದ್ದಿಗೆ ಕಾಸು ಮುಟ್ಟಬಾರದು, ತಡ ಮಾಡಬಾರದು, ಅದರಲ್ಲಿ ಒಂದಕ್ಷರ ಸುಳ್ಳು ಸೇರಬಾರದು. ಇದು ಎಲ್ಲಿಗೆ ಮುಟ್ಟಿತೆಂದರೆ, ಯಾರು ಸತ್ತರೂ ಮಾವ ಖುದ್ದಾಗಿ ಹೋಗಿ ಮೂಗಿನ ಬಳಿ ಬೆರಳಿಟ್ಟು ನೋಡದೆ ಮೈಕು ಹಿಡಿಯುತ್ತಿರಲಿಲ್ಲ. ಕಾಯಿಲೆ ಬಿದ್ದ ಮುದುಕರು ಮಾವನ ಆಟೋ ಸದ್ದು ಕೇಳಿದರೆ ಸಾಕು, ಎದ್ದು ಕೂತು ಜೋರಾಗಿ ಕೆಮ್ಮುತ್ತಿದ್ದರು!

ಇನ್ನು ಹೂಡಿಕೆ. ಮಾವ ಬಂಡವಾಳ ಹಾಕಿದರೆಂದರೆ ಆ ವಸ್ತುವಿನ ಕಾಲ ಮುಗಿಯಿತು ಎಂದೇ ಅರ್ಥ. ಕ್ಯಾಸೆಟ್ ಅಂಗಡಿಗೆ ಹಾಕಿದರು, ಜನ ಸೀಡಿ ಕೊಳ್ಳತೊಡಗಿದರು. ಸೀಡಿಗೆ ಹಾಕಿದರು, ಹಾಡೆಲ್ಲ ಮೊಬೈಲಿಗೆ ಬಂತು. ವಾರಪತ್ರಿಕೆ ಮಾಡಿದರು. ಅದನ್ನು ಓದಿದವರು ಕಡಿಮೆ, ಅದರಲ್ಲಿ ಕಟ್ಟಿದ ವಡೆ ತಿಂದವರು ಬಹಳ! ಮಾವನಿಗೆ ಅದೂ ಹೆಮ್ಮೆಯೇ. "ಎಲ್ಲಾರ ಕೈಗೂ ಓಗೈತಲ್ಲ ಬುಡ್ಲಾ" ಎನ್ನುತ್ತಿದ್ದರು. ಒಮ್ಮೆ ನನ್ನ ಹೆಗಲ ಮೇಲೆ ಕೈಹಾಕಿ, "ನಾನಾಕಿದ್ ಬಂಡವಾಳ್ದಲ್ಲಿ ಮುಳುಗ್ದೇ ಇರೋದು ನಿಮ್ಮತ್ತೆ ಒಬ್ಳೇ ಕಣ್ಲಾ" ಎಂದರು. ಅಡುಗೆಮನೆಯಲ್ಲಿದ್ದ ಅತ್ತೆ ಬಿಟ್ಟಾರೆಯೇ? "ನಾನೂ ನಿಮ್ಮಾವನ ಮ್ಯಾಲೆ ಆಕಿವ್ನಿ ಕಣಪ್ಪ, ಲಾಬ ಇನ್ನೂ ಕಂಡಿಲ್ಲ!"

ಮದ್ದೂರಿನಲ್ಲಿ ಮಾವ ಕೇಬಲ್ ಚಾನೆಲ್ ತೆರೆದಾಗ ವಾರ್ತೆ ಓದಲು ಯಾರೂ ಸಿಗಲಿಲ್ಲ. ಅತ್ತೆಯನ್ನೇ ಕೂರಿಸಿದರು. ನಡುಮನೆಯೇ ಸ್ಟುಡಿಯೋ. ಮೊದಲು ಸತ್ತವರ ಸುದ್ದಿ, ಆಮೇಲೆ ನಾಲೆಗೆ ನೀರು ಬಿಟ್ಟ ಸುದ್ದಿ, ಕೊನೆಗೆ ಮಂಡ್ಯ ಮಂಡಿಯ ಬೆಲ್ಲದ ರೇಟು. ನಡುವೆ ಕುಕ್ಕರ್ ಕೂಗಿದರೆ? ಅತ್ತೆ ವಾರ್ತೆ ಬಿಟ್ಟು ಎದ್ದು ಹೋಗುತ್ತಿದ್ದರು! ಪರದೆಯ ಮೇಲೆ ಖಾಲಿ ಕುರ್ಚಿ. ಕ್ಯಾಮೆರಾದ ಹಿಂದಿನಿಂದ ಮಾವ ಸಮಾಧಾನ ಹೇಳುತ್ತಿದ್ದರು: "ಎಲ್ಲೂ ಓಗ್ಬ್ಯಾಡಿ. ಒಂದ್ನಿಮಿಷ, ಬತ್ತಾಳೆ."

ಜನ ಎಲ್ಲಿಗೂ ಹೋಗುತ್ತಿರಲಿಲ್ಲ. "ಇಷ್ಟೊತ್ತು ಕೂಗ್ಸವ್ರೆ ಅಂದ್ರೆ ಉಳ್ಳಿಕಾಳೇ ಕಣಮ್ಮ" ಎಂದು ಮಾತಾಡಿಕೊಂಡು ಕಾಯುತ್ತಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಬೆಲ್ಲದ ರೇಟು ಮುಂದುವರಿಸುತ್ತಿದ್ದರು. ಕೇಬಲ್ಲಿನ ಕಾಲವೂ ಮುಗಿದು ಚಾನೆಲ್ಲು ಮೊಬೈಲಿಗೆ ಬಂತು. ಅತ್ತೆ, ಕುರ್ಚಿ, ಕುಕ್ಕರು ಮಾತ್ರ ಬದಲಾಗಲಿಲ್ಲ.

ಅತ್ತೆ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮಾವ ಪಕ್ಕದಲ್ಲೇ ಇದ್ದರು. ಮೂಗಿನ ಬಳಿ ಬೆರಳಿಡಲಿಲ್ಲ. ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

"ಮಾವ, ಚಾನೆಲ್ನಲ್ಲಿ ಆಕ್ಬೇಕಲ್ವಾ?" ಎಂದೆ.

"ಆಕನ ಬುಡು. ಅರ್ಜೆಂಟೇನು?"

ಸಾವಿನ ಸುದ್ದಿಗೆ ಅರ್ಜೆಂಟೇನು ಎಂದು ಮಾವ ಕೇಳಿದ್ದು ಅದೇ ಮೊದಲು. ಮಣ್ಣು ಮಾಡಿ ಬಂದ ಸಂಜೆ ಮೊಬೈಲು ತೆರೆದರೆ ಅತ್ತೆ ಬೆಲ್ಲದ ರೇಟು ಓದುತ್ತಿದ್ದಾರೆ! ಯಾವುದೋ ಹಳೆಯ ವಾರ್ತೆಯನ್ನು ಮಾವ ಹೊಸದೆಂಬಂತೆ ಹಾಕಿದ್ದರು. ಮರುದಿನ ಇನ್ನೊಂದು. ತಿಥಿ ಕಳೆದರೂ ನಿಲ್ಲಲಿಲ್ಲ. ನೆಂಟರು ನೋಡಿ ಅತ್ತರು, ನಿಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ನನ್ನನ್ನು ಬೈದರು. ನಿಲ್ಲಿಸಿ ಎಂದು ಮಾವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ದಿನಾ ಸಂಜೆ ಕಾದು ನೋಡುತ್ತಿದ್ದೆ.

ಹೀಗಿರುವಾಗ ದುದ್ದದ ಕಡೆಯ ರೈತರೊಬ್ಬರು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು. ಆಲೆಮನೆ ಇಟ್ಟು ಬೆಲ್ಲ ಮಾಡುವವರು.

"ಅಕ್ಕನ್ನ ಕರೀರಿ! ಅಕ್ಕ ಏಳಿದ ರೇಟ್ನೇ ಕೊಡಿ ಅಂತ ಮಂಡಿನಾಗೆ ಜಗಳ ಆಡಿ ನಗೆಪಾಟ್ಲಾದೆ. ಅದು ಯಾವ್ ಕಾಲದ ರೇಟೋ ಅಂತ ನಗ್ತಾರೆ. ಅಕ್ಕ ಸುಳ್ಳೇಳಾಕಿಲ್ಲ, ನಂಗೊತ್ತು. ಕರೀರಿ, ಕೇಳ್ಬುಡ್ತೀನಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕೈ ಹಿಡಿದು ತಡೆದರು.

"ಅವಳಿಲ್ಲ ಕಣಪ್ಪ" ಎಂದರು.

"ಎಲ್ಲೋಗವ್ರೆ? ಯಾವಾಗ್ ಬತ್ತಾರೆ?"

ಮಾವ ಮುಖ ತಿರುಗಿಸಿಕೊಂಡರು. ಆಗ ಆ ಮನುಷ್ಯನಿಗೆ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಕಂಡಿತು. ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೇ ಕುಸಿದು ಕೂತರು. "ನಂಗ್ಯಾರೂ ಏಳ್ನೇ ಇಲ್ವಲ್ಲಣ್ಣ" ಎಂದರು. "ಮಣ್ಣಿಗೆ ಬತ್ತಿದ್ದೆ."

ಆ ಮಾತು ಮಾವನಿಗೆ ನಾಟಿತು. ಎಲ್ಲರ ಮಣ್ಣಿಗೂ ಊರನ್ನು ಕರೆದವರು ಹೆಂಡತಿಯ ಮಣ್ಣಿಗೆ ಕರೆದಿರಲಿಲ್ಲ. "ಅಳಿಯ, ಮೊಬೈಲ್ ಇಡ್ಕೊ" ಎಂದರು. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದು ಅತ್ತೆಯ ಕುರ್ಚಿಯಲ್ಲಿ ಕೂತರು. ದುದ್ದದವರು ಹೊಸ್ತಿಲು ಬಿಟ್ಟು ಏಳಲಿಲ್ಲ.

"ನಮ್ಮ ಚಾನೆಲ್ಲಿನ ವಾರ್ತಾವಾಚಕಿ, ನನ್ನ ಧರ್ಮಪತ್ನಿ, ನಿಧನರಾಗಿದ್ದಾರೆ. ಸುದ್ದಿ ತಡವಾಗಿದೆ. ತಪ್ಪು ನನ್ನದು. ಬರಬೇಕಾಗಿದ್ದವರು ಕ್ಷಮಿಸಬೇಕು."

ಧ್ವನಿ ನಡುಗಲಿಲ್ಲ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಮೊಬೈಲು ಇಳಿಸಬೇಕು, ಅಷ್ಟರಲ್ಲಿ ಅಡುಗೆಮನೆಯಲ್ಲಿ, ಮಾವನನ್ನು ನೋಡಿಕೊಳ್ಳಲು ಬಂದಿದ್ದ ನಮ್ಮಮ್ಮ ಇಟ್ಟಿದ್ದ ಕುಕ್ಕರ್ ಕೂಗಿತು.

ಮಾವ ಥಟ್ಟನೆ ಆ ಕಡೆ ನೋಡಿದರು. ಅವರ ಮುಖವೆಲ್ಲ ಹಗುರಾಯಿತು. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, ಎಂದಿನಂತೆ ಹೇಳಿದರು:

"ಎಲ್ಲೂ ಓಗ್ಬ್ಯಾಡಿ. ಒಂದ್ನಿಮಿಷ, ಬತ್ತಾಳೆ."

ಮಾವನ ನಿಯಮದ ಪ್ರಕಾರ ಆ ಮಾತನ್ನು ನಾನು ಕತ್ತರಿಸಬೇಕಿತ್ತು. ಕೈ ಬರಲಿಲ್ಲ. ಹಾಗೇ ಹಾಕಿಬಿಟ್ಟೆ.