ನಿಂಗರಾಜುವಿನ ಹೋಟೆಲಿನ ನೆಲದ ಪಂಕ್ತಿ

ಬೆಂಚುಗಳನ್ನು ಹೊರಗೆ ಹಾಕಿದ್ದೇ ಎಲ್ಲ ರಗಳೆಗೂ ಮೂಲ. ಹಾಕಿದವನು ನಿಂಗರಾಜು, ಹಾಕಿಸಿದವರು ಪಕ್ಕದ ಮನೆಯ ಗೋವಿಂದಯ್ಯನವರು.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ ನಿಂಗರಾಜುವಿನದೊಂದು ಮುದ್ದೆ ಹೋಟೆಲು. ಸಾರು ಕುದಿಸುವುದು, ಮುದ್ದೆ ತಿರುವುವುದು, ಕಟ್ಟುವುದು ಅವನ ಹೆಂಡತಿ ಭಾಗ್ಯ. ಗಲ್ಲಾದ ಮುಂದೆ ಕೂತು ಬಂದವರನ್ನು ಮಾತಾಡಿಸುವುದು ನಿಂಗರಾಜು. ಕೆಲಸವನ್ನು ಸರಿಸಮ ಹಂಚಿಕೊಂಡಿದ್ದೇವೆಂದು ಅವನು ಮನಸಾರೆ ನಂಬಿದ್ದ.

ಆವತ್ತು ಬೆಳಿಗ್ಗೆ ಹೊಗೆಸೊಪ್ಪಿನ ಗೋಡೌನಿನ ಮೇಸ್ತ್ರಿ ಶಿವಶಂಕರ್ ಬಂದ. ಅವನ ನಲವತ್ತು ಜನ ಹಮಾಲರಿಗೆ ದಿನಾ ಮಧ್ಯಾಹ್ನ ಊಟ ಬೇಕಿತ್ತು. ಎಲ್ಲರೂ ಒಟ್ಟಿಗೆ ಬರುತ್ತಾರೆ, ಅರ್ಧ ಗಂಟೆಯಲ್ಲಿ ಉಂಡು ಹೋಗಬೇಕು.

"ಆಯ್ತದಾ? ಮಧ್ಯಾಹ್ನ ಒಂದ್ಗಂಟೆಗೆ ನಾನೇ ಬಂದು ನೋಡ್ತೀನಿ" ಎಂದ ಮೇಸ್ತ್ರಿ.

ಹೋಟೆಲಿನಲ್ಲಿ ಹಿಡಿಯುವುದು ಹದಿನಾರು ಜನ. ನಿಂಗರಾಜು ಹಿಂದೆಮುಂದೆ ನೋಡದೆ ಆಗುತ್ತದೆ ಎಂದುಬಿಟ್ಟ. ಭಾಗ್ಯ ಬಹಳ ದಿನದಿಂದ ವಾರಕ್ಕೊಂದು ರಜೆ ಕೇಳುತ್ತಿದ್ದಳು. ತೌರಿಗೆ ಹೋಗಿಬರುವುದಿರಲಿ, ಮಧ್ಯಾಹ್ನ ಕಾಲು ಚಾಚಿ ಮಲಗುವ ಯೋಗವೂ ಅವಳಿಗಿರಲಿಲ್ಲ. ಈ ಆರ್ಡರ್ ಸಿಕ್ಕರೆ ಭಾನುವಾರ ಬಾಗಿಲು ಹಾಕುತ್ತೇನೆಂದು ಅವನು ಅಲ್ಲೇ ಮಾತು ಕೊಟ್ಟ. ಇದೂ ತಪ್ಪಿದರೆ ಅವಳಿಗೆ ಮುಖ ತೋರಿಸುವುದು ಹೇಗೆಂಬ ದಿಗಿಲು ಆಮೇಲೆ ಶುರುವಾಯಿತು.

ಗೋವಿಂದಯ್ಯನವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಹೊರಡಿಸಲು ಬಸ್ಸುಗಳಿಲ್ಲದೆ ಮನೆಯಲ್ಲಿ ಚಡಪಡಿಸುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ ತಡ, ಸೀಟಿ ಸಮೇತ ಬಂದರು.

"ಲೋ ನಿಂಗ, ಸೀಟು ಜಾಗ ತಿಂತವೆ ಕಣ್ಲಾ. ರಷ್ಷಿದ್ದಾಗ ನಾವು ಜನಾನ ನಿಲ್ಸ್ಕಂಡು ಹೋಯ್ತಿರ್ಲಿಲ್ವಾ? ಬೆಂಚು, ಟೇಬಲ್ಲು ಆಚೆಗಾಕು. ನಿಂತ್ಕಂಡು ಉಂಡ್ರೆ ನಲವತ್ತೇನು, ಅರವತ್ತು ಜನ ಹಿಡಿತಾರೆ. ಕಾಲು ನೋಯ್ತದಲ್ಲ, ಬ್ಯಾಗ ಉಂಡು ಹೋಯ್ತಾರೆ."

"ಮುದ್ದೇನ ನಿಂತ್ಕಂಡು ಯಾರ್ ನುಂಗ್ತಾರೆ?" ಎಂದಳು ಭಾಗ್ಯ.

"ನೀನು ಸುಮ್ಕಿರು, ಇದೆಲ್ಲಾ ಪ್ಲಾನು" ಎಂದ ನಿಂಗರಾಜು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಡೆಯ ದಿನದ ಗಿರಾಕಿಗಳು ಬಂದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮುದ್ದೆ. ಸಾರಿನ ಬಟ್ಟಲು ಹಿಡಿಯಲು ಮೂರನೆಯ ಕೈ ಯಾರಿಗೂ ಇರಲಿಲ್ಲ. ಒಬ್ಬನ ಮುದ್ದೆ ಜಾರಿ ಇನ್ನೊಬ್ಬನ ಬಿಳಿ ಪಂಚೆಯ ಮೇಲೆ ಇಳಿಯಿತು. ಆಗ ಕಟ್ಟೆಮಳಲವಾಡಿಯ ಹಳೇ ಗಿರಾಕಿ, ಬೊಚ್ಚುಬಾಯಿಯ ಕೆಂಪಯ್ಯ, ಟವೆಲು ಹಾಸಿ ಗೋಡೆಯ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದ.

"ಉಣ್ಣದು ಅಂದ್ರೆ ಕುಂತ್ಕಂಡೇ ಉಣ್ಬೇಕು ಕಣಪ್ಪ" ಎಂದ.

ಅವನನ್ನು ನೋಡಿ ಒಬ್ಬೊಬ್ಬರೇ ಕೂತರು. ನೋಡನೋಡುತ್ತ ಎದುರುಬದುರು ಸಾಲಾಯಿತು. ಎಣಿಸಿದರೆ ನಲವತ್ತಕ್ಕೂ ಹೆಚ್ಚು.

"ನಾನೇಳ್ಲಿಲ್ವಾ" ಎಂದು ಗೋವಿಂದಯ್ಯನವರು ಮೀಸೆ ತಿರುವಿದರು. ಅವರು ಹೇಳಿದ್ದು ಬೇರೆಯೇ ಆದರೂ ನಿಂಗರಾಜು ಕೈಮುಗಿದ.

ತಾಪತ್ರಯ ಬಂದದ್ದು ಉಂಡಾದ ಮೇಲೆ. ಬೆಂಚಿನ ಮೇಲೆ ಕೂತಾಗ ಉಂಡವನು ಉಂಡ ಹಾಗೆ ಎದ್ದು ಹೋಗುತ್ತಿದ್ದ. ನೆಲದ ಮೇಲೆ ಸಾಲಾಗಿ ಕೂತರೆ ಅದು ಪಂಕ್ತಿ. ಪಂಕ್ತಿಯಲ್ಲಿ ಹಿರಿಯರು ಇನ್ನೂ ಉಣ್ಣುತ್ತಿರುವಾಗ ಏಳುವುದು ಈ ಕಡೆಯವರ ಜಾಯಮಾನದಲ್ಲೇ ಇಲ್ಲ. ಕೆಂಪಯ್ಯನೋ ಒಂದು ಮೂಳೆ ಹಿಡಿದು ಅದರ ಸುಖದುಃಖ ವಿಚಾರಿಸುತ್ತಿದ್ದ.

"ಏಳ್ರಪ್ಪಾ, ಆಚೆ ಜನ ಕಾಯ್ತಾವ್ರೆ" ಎಂದು ನಿಂಗರಾಜು ಅಂಗಲಾಚಿದ.

"ಅದೆಂಗಣ್ಣ ಏಳದು, ದೊಡ್ಡೋರು ಇನ್ನೂ ಉಣ್ತಾವ್ರೆ" ಎಂದ ಒಬ್ಬ ಹುಡುಗ. ಸುಮ್ಮನೆ ಕೂತು ಬೇಜಾರಾಗಿ ಅವನೂ ಅವನ ಸಾಲಿನವರೂ ಇನ್ನೊಂದೊಂದು ಮುದ್ದೆ ಹಾಕಿಸಿಕೊಂಡರು. ಗೋವಿಂದಯ್ಯನವರು ತಡೆಯಲಾರದೆ ಸೀಟಿ ಊದಿದರು. ಕೆಂಪಯ್ಯ ತಲೆಯೆತ್ತಿ, "ಯಾವೂರ್ ಬಸ್ಸು?" ಎಂದು ಕೇಳಿ, ತನ್ನೂರಿನ ಮೇಲೆ ಹೋಗುವ ಕೋಟೆ ಬಸ್ಸಲ್ಲವೆಂದು ಗೊತ್ತಾದ ಮೇಲೆ ಮತ್ತೆ ತಟ್ಟೆಗೆ ಬಗ್ಗಿದ.

ಅಷ್ಟರಲ್ಲಿ ಶಿವಶಂಕರ್ ಬಂದ. ಸಾಲಿನ ಕೊನೆಯಲ್ಲಿ ಹೇಗೋ ತೂರಿಕೊಂಡು ಕೂತು ಉಂಡ. ಉಂಡು ಅವನೂ ಸಿಕ್ಕಿಬಿದ್ದ. ಕೆಂಪಯ್ಯ ತೇಗಿ ಏಳುವ ಹೊತ್ತಿಗೆ ಎರಡು ದಾಟಿತ್ತು. ಶಿವಶಂಕರ್ ಕೈತೊಳೆದು ನಿಂಗರಾಜುವಿನ ಕಡೆ ನೋಡದೆ ನೇರ ಅಡುಗೆಮನೆಗೆ ಹೋದ. ನಿಂಗರಾಜುವಿಗೆ ಅಳು ಬರುವಂತಾಯಿತು.

ಸ್ವಲ್ಪ ಹೊತ್ತಾದ ಮೇಲೆ ಮೇಸ್ತ್ರಿ ನಗುತ್ತ ಹೊರಬಂದ.

"ನಿಮ್ ಹೋಟ್ಲಲ್ಲಿ ಆಗಕಿಲ್ಲ ಬುಡಿ. ಆದ್ರೆ ಒಂದು ಗೊತ್ತಾಯ್ತು. ಬೆಂಚು ಗಿಂಚು ಏನೂ ಬ್ಯಾಡ, ನೆಲ ಇದ್ರೆ ಸಾಕು. ನೆಲ ನಮ್ ಗೋಡೌನ್ನಾಗೇ ಬೇಕಾದಷ್ಟದೆ. ಕೈರುಚಿ ಇರೋ ಅಡುಗೆಯೋರು ಇರ್ಲಿಲ್ಲ, ಅದೂ ಇವತ್ತು ಆಯ್ತು."

ಭಾಗ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಾಳಿಂದ ಬರಾಕೆ ಹೇಳವ್ರೆ ಕಣ್ರೀ. ಭಾನುವಾರ ರಜವಂತೆ. ಒಪ್ಕಂಡೆ."

ನಿಂಗರಾಜುವಿಗೆ ಸಿಟ್ಟು ಬರಲಿಲ್ಲ. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಅವನಿಗೇ ಬಹಳ ದಿನವಾಗಿತ್ತು. ಬಂದದ್ದು ಭಯ.

"ಇಲ್ಲಿ?" ಎಂದ.

"ಇಲ್ಲಿ ನೀವಿದ್ದೀರಲ್ಲ."

ಗೋವಿಂದಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ಇನ್ನು ಜಾಗದ ಯೋಚ್ನೆ ಬುಡು ಕಣ್ಲಾ ನಿಂಗ. ನೀನು ತಿರುವಿದ ಮುದ್ದೆಗೆ ಯಾವ ರಷ್ಷೂ ಆಗಕಿಲ್ಲ."