ಐದುನೂರಾ ಇಪ್ಪತ್ತಾರು ರೂಪಾಯಿ ಐದು ಪೈಸೆ ಆಯೇರ

"ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ಇದು ಜಂಬವಲ್ಲ, ವೃತ್ತಿದೋಷ. ಕೊಪ್ಪಳದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಕರಿಹಲಗೆಯ ಮುಂದೆ ನಿಂತವನು ಗೊತ್ತಿಲ್ಲ ಎಂದರೆ ಹಿಂದಿನ ಬೆಂಚಿನವರು ಅಂದಿನಿಂದಲೇ ರಾಜ್ಯಭಾರ ವಹಿಸಿಕೊಳ್ಳುತ್ತಾರೆ. ಹಾಗಾಗಿ ಬಸ್ ನಿಲ್ದಾಣದಲ್ಲಿ ಯಾರಾದರೂ ಕುಷ್ಟಗಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೂ ಯಾವುದೋ ಒಂದು ಹೊತ್ತು ಹೇಳಿಯೇ ಬಿಡುತ್ತೇನೆ. ಬಸ್ಸು ಒಮ್ಮೊಮ್ಮೆ ನನ್ನ ಮಾನ ಕಾಯುತ್ತದೆ. ಇಂಥವನ ಕೈಗೆ ನನ್ನ ಹೆಂಡತಿ ಗಿರಿಜಾ ತನ್ನ ಅಂಗಡಿಯ ತೆರಿಗೆಯ ಕೆಲಸ ಒಪ್ಪಿಸಿದ್ದು ಅವಳ ತಪ್ಪು, ನನ್ನದಲ್ಲ.

ಗಿರಿಜಾಳದು ಆನ್‌ಲೈನ್ ಅಂಗಡಿ. ಕಿನ್ನಾಳದ ಬಣ್ಣದ ಗೊಂಬೆಗಳನ್ನು ತರಿಸಿ, ನಮ್ಮ ಪಡಸಾಲೆಯಲ್ಲೇ ಪೊಟ್ಟಣ ಕಟ್ಟಿ, ಊರೂರಿಗೆ ಕಳಿಸುತ್ತಾಳೆ. ನನ್ನ ಕುರ್ಚಿಯಲ್ಲಿ ಈಗ ಹೆಚ್ಚಾಗಿ ಗಣಪತಿಯೋ ಗಿಳಿಯೋ ಕೂತಿರುತ್ತದೆ. ಗಿಫ್ಟ್ ಕಾರ್ಡ್ ಮಾರುವ ಯೋಚನೆಯೂ ಅವಳದೇ. ನಮ್ಮ ಕಡೆ ಮದುವೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ಆಯೇರ ಮಾಡುತ್ತಾರೆ. ಸೀರೆ, ಕುಪ್ಪಸ, ಪಾತ್ರೆ, ಏನೂ ಹೊಳೆಯದಿದ್ದರೆ ರೊಕ್ಕ. ರೊಕ್ಕವಾದರೆ ಕೊನೆಗೊಂದು ರೂಪಾಯಿ ಇರಲೇಬೇಕು: ನೂರಾ ಒಂದು, ಐದುನೂರಾ ಒಂದು. ಆ ಒಂದು ಇಲ್ಲದಿದ್ದರೆ ಸಾಲ ತೀರಿಸಿದಂತೆ ಕಾಣುತ್ತದೆಯೇ ಹೊರತು ಆಯೇರದಂತೆ ಕಾಣುವುದಿಲ್ಲ. ಅದಕ್ಕೇ ಐದುನೂರಾ ಒಂದು ರೂಪಾಯಿಯ ಕಾರ್ಡು. ಮದುಮಕ್ಕಳಿಗೆ ಕೊಟ್ಟರೆ ಮುಂದೆ ಅವರೇ ತಮಗೆ ಬೇಕಾದ ಗೊಂಬೆ ಆರಿಸಿಕೊಳ್ಳಬಹುದು.

ಕಾರ್ಡನ್ನು ಅಂಗಡಿಯ ಪುಟಕ್ಕೆ ಏರಿಸುವಾಗ ಕೊನೆಯಲ್ಲಿ ಒಂದು ಖಾನೆ ಬಂತು: ಇದಕ್ಕೆ ತೆರಿಗೆ ಉಂಟೋ ಇಲ್ಲವೋ? ಉಂಟು ಎಂದು ಒತ್ತಲು ಹೋದ ನನ್ನ ಕೈಯನ್ನು ಗಿರಿಜಾ ತಡೆದಳು.

"ಆಯೇರದ ಪಾಕೀಟಿಗೆ ಯಾರರ ಟ್ಯಾಕ್ಸ್ ಹಾಕತಾರೇನ್ರಿ? ಒಳಗಿನ ರೊಕ್ಕ ಖರ್ಚಾದಾಗ ಅಂಗಡ್ಯಾವ ತಗೋತಾನ."

ನಾನು ನಕ್ಕೆ. ಮಾರಿದ್ದಕ್ಕೆಲ್ಲ ತೆರಿಗೆ, ನೀನು ಕಾರ್ಡು ಮಾರುತ್ತೀ, ಆದ್ದರಿಂದ ಕಾರ್ಡಿಗೂ ತೆರಿಗೆ ಎಂದು ತರಗತಿಯ ದನಿಯಲ್ಲಿ ವಿವರಿಸಿ, ನೂರಕ್ಕೆ ಐದರಂತೆ ಗುರುತು ಹಾಕಿದೆ. ಕಾಗದ ಉಳಿಯಲೆಂದು ಕಾರ್ಡು, ಬಿಲ್ಲು ಎರಡೂ ಒಂದೇ ಹಾಳೆಯಲ್ಲಿ ಬರುವಂತೆಯೂ ಮಾಡಿದೆ. ಜಾಣತನ ಹೆಚ್ಚಾದರೆ ಹೀಗೇ.

ಮೊದಲ ಕಾರ್ಡು ಕೊಂಡವರು ಗಂಗಾವತಿಯ ಸುಶೀಲಕ್ಕ, ಅಲ್ಲಿನ ಶಾಲೆಯೊಂದರ ಶಿಕ್ಷಕಿ. ಗಿರಿಜಾಗೆ ಚಿಕ್ಕಂದಿನಿಂದಲೂ ಸ್ವಂತ ಅಕ್ಕನಿದ್ದಂತೆ; ಅಂಗಡಿ ತೆರೆದಾಗ ಬೆನ್ನಿಗೆ ನಿಂತವರು ಅವರೊಬ್ಬರೇ. ಕಾರಟಗಿಯಲ್ಲಿ ಅವರ ತಮ್ಮನ ಮಗಳ ಮದುವೆ. ಹಾಳೆಯನ್ನು ಚೆಂದಾಗಿ ಸುರುಳಿ ಸುತ್ತಿ, ಕೆಂಪು ದಾರ ಕಟ್ಟಿ ಕೊಟ್ಟಿದ್ದರು. ನಮ್ಮಲ್ಲಿ ಆಯೇರವನ್ನು ಮೈಕಿನಲ್ಲಿ ಓದುತ್ತಾರಲ್ಲ, ಓದುವವನು ಸುರುಳಿ ಬಿಚ್ಚಿ, ಕೆಳಗೆ ದಪ್ಪಕ್ಷರದಲ್ಲಿದ್ದ ಒಟ್ಟು ಮೊತ್ತವನ್ನು ಇಡೀ ಪೆಂಡಾಲಿಗೆ ಕೇಳುವಂತೆ ಓದಿದ.

"ಗಂಗಾವತಿ ಸುಶೀಲಾ ಟೀಚರ್ ಅವರಿಂದ ಐದುನೂರಾ ಇಪ್ಪತ್ತಾರು ರೂಪಾಯಿ, ಐದು ಪೈಸೆ ಆಯೇರ."

ಊಟಕ್ಕೆ ಕೂತವರು ಕೈಯಲ್ಲಿನ ತುತ್ತು ಬಿಟ್ಟು ನಕ್ಕರಂತೆ. ಐದು ಪೈಸೆಯ ನಾಣ್ಯ ಕಂಡು ಎಷ್ಟು ಕಾಲವಾಯಿತೆಂದು ಹಿರಿಯರು ನೆನಪಿಸಿಕೊಂಡರಂತೆ. ಅಷ್ಟಕ್ಕೇ ಮುಗಿಯಲಿಲ್ಲ. ವಾರದ ಮೇಲೆ ಮದುಮಗಳು ಕಾರ್ಡು ಕೊಟ್ಟು ಐದುನೂರಾ ಒಂದು ರೂಪಾಯಿಯ ಗೊಂಬೆ ಆರಿಸಿದಳು. ಗೊಂಬೆಗೂ ತೆರಿಗೆ ಇದ್ದೇ ಇತ್ತಲ್ಲ. ಅವಳು ಸೋದರತ್ತೆಗೆ ಫೋನ್ ಮಾಡಿ, ನಿಮ್ಮ ಆಯೇರ ಇನ್ನೂ ಇಪ್ಪತ್ತೈದು ರೂಪಾಯಿ ಐದು ಪೈಸೆ ಕೇಳುತ್ತಿದೆ, ಕೊಡಲೋ ಬೇಡವೋ ಎಂದಳು. ಸುಶೀಲಕ್ಕ ಆ ಮಾತನ್ನು ಹಾಗೇ ಗಿರಿಜಾಗೆ ದಾಟಿಸಿ, ಇನ್ನು ನಿನ್ನ ಅಂಗಡಿಯ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಫೋನ್ ಇಟ್ಟರು. ಗಿರಿಜಾ ನನ್ನನ್ನು ಬೈಯಲಿಲ್ಲ. ಅಂದು ಸಂಜೆ ಒಂದೂ ಗೊಂಬೆ ಕಟ್ಟಲಿಲ್ಲ. ಬೈದಿದ್ದರೆ ವಾದಿಸುತ್ತಿದ್ದೆ, ಗೆಲ್ಲುತ್ತಲೂ ಇದ್ದೆ.

ಮರುದಿನ, ತೆರಿಗೆ ಸಲಹೆಗಾರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯ ಕಚೇರಿಗೆ ಹೋದೆ. ಕಾರ್ಡೆಂದರೆ ರೊಕ್ಕವಿದ್ದಂತೆ, ಮಾರುವಾಗ ತೆರಿಗೆಯಿಲ್ಲ, ಅದನ್ನು ಕೊಟ್ಟು ವಸ್ತು ಕೊಂಡಾಗ ಆ ವಸ್ತುವಿಗೆ ಮಾತ್ರ ತೆರಿಗೆ ಎಂದ. ಗಿರಿಜಾ ಹೇಳಿದ್ದೇ ಮಾತು. ಅವಳು ಪುಕ್ಕಟೆ ಹೇಳಿದ್ದಳು, ಇವನು ಚಹಾ ಕುಡಿಸಿ ಹೇಳಿದ, ಅಷ್ಟೇ ಫರಕು. ಕಾರ್ಡಿನ ಮೇಲಿನ ತೆರಿಗೆ ತೆಗೆದೆ. ಗೊಂಬೆಗಳ ಬೆಲೆಯೊಳಗೇ ತೆರಿಗೆ ಬರುವಂತೆ ಗಿರಿಜಾ ತಿದ್ದಿದಳು. ಇನ್ನುಳಿದದ್ದು ಸುಶೀಲಕ್ಕ. ಅದು ಸುಲಭ ಎನ್ನಿಸಿತು. ಹೆಚ್ಚಿಗೆ ಹಿಡಿದ ಇಪ್ಪತ್ತೈದು ರೂಪಾಯಿ ಐದು ಪೈಸೆಯನ್ನು ಗಿರಿಜಾಗೂ ಹೇಳದೆ ಫೋನಿನಲ್ಲಿ ಅವರಿಗೆ ತಿರುಗಿ ಕಳಿಸಿದೆ. ಎರಡು ನಿಮಿಷದಲ್ಲಿ ಅವರ ಫೋನ್ ಬಂತು.

"ಸರ್, ಮಾಡಿದ ಆಯೇರ ಯಾರರ ತಿರುಗಿ ತಗೋತಾರೇನ್ರಿ? ಹುಡುಗಿ ಇನ್ನ ಅರಿಷಿಣದ ಮೈಯಾಗ ಅದಾಳ."

ಅದು ಆಯೇರವಲ್ಲ, ತೆರಿಗೆ ಎಂದು ಹೇಳಲು ಬಾಯಿ ತೆರೆದೆ. ಗಿರಿಜಾ ಫೋನ್ ಕಸಿದುಕೊಂಡಳು. ಅಕ್ಕ ತಂಗಿಯರಿಬ್ಬರೂ ಅರ್ಧ ತಾಸು ನನ್ನನ್ನು ಕೂಡಿಯೇ ಬೈದರು. ಕೊನೆಗೆ ನಗು ಕೇಳಿಸಿತು. ಮುಂದಿನ ತಿಂಗಳು ಸುಶೀಲಕ್ಕನ ಹೊಸ ಮನೆಯ ವಾಸ್ತುಶಾಂತಿ. ಸರ್ ಖುದ್ದಾಗಿ ಬಂದು ಅದೇ ಕಾರ್ಡು ಆಯೇರ ಮಾಡಬೇಕು, ಮೈಕಿನಲ್ಲಿ ಓದಿಸುತ್ತೇನೆ ಎಂಬುದು ಅವರು ಹಾಕಿದ ದಂಡ.

ಹೋದೆವು. ಸುರುಳಿ ಕೊಟ್ಟೆ. ಮದುವೆಯಲ್ಲಿ ಆಯೇರ ಓದಿದ್ದವನನ್ನೇ ಕಾರಟಗಿಯಿಂದ ಕರೆಸಿದ್ದರು.

"ಕೊಪ್ಪಳದ ಕಾಮರ್ಸ್ ಸರ್ ಅವರಿಂದ ಐದುನೂರಾ ಒಂದು ರೂಪಾಯಿ ಆಯೇರ. ಟ್ಯಾಕ್ಸ್ ಇಲ್ಲ."

ಇಡೀ ಪೆಂಡಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗಿರಿಜಾ, ಸುಶೀಲಕ್ಕನ ಕೈ ಹಿಡಿದುಕೊಂಡು. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿದಳು, ಈಗ ಹೇಳ್ರಿ, ಗಿಫ್ಟ್ ಕಾರ್ಡಿಗೆ ಟ್ಯಾಕ್ಸ್ ಯಾವಾಗ? ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವಳ ಮುಖದಲ್ಲಿ ಇನ್ನೂ ಆರದ ನಗುವಿತ್ತು.

"ಗೊತ್ತಿಲ್ಲ" ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಅದೂ ಉತ್ತರ ಸರಿಯಾಗಿ ಗೊತ್ತಿದ್ದಾಗ.