ಅತ್ತೆಯ ಫೋಟೋದಲ್ಲಿ ಮುತ್ತಲ ಹೂ

ಇಪ್ಪತ್ತು ವರ್ಷ ರಾಮದುರ್ಗದ ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯಲು ಕಲಿಸಿದ ಡ್ರಾಯಿಂಗ್ ಮಾಸ್ತರನಾದ ನಾನು, ೨೦೦೪ರಲ್ಲಿ ಶಾಲೆಗೆ ಕಂಪ್ಯೂಟರ್ ಬಂದ ಹದಿನೈದನೆಯ ದಿನಕ್ಕೆ ನನ್ನನ್ನು ನಾನೇ ಗಣಕ ಚಿತ್ರಕಲಾ ಚಕ್ರವರ್ತಿ ಎಂದು ಘೋಷಿಸಿಕೊಂಡೆ. ಬೆಳಗಾವಿಯಲ್ಲಿ ಮೂರು ದಿನ ತರಬೇತಿಯಾಗಿತ್ತು. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಕುಂಚ ಯಾವುದು, ರಬ್ಬರ್ ಯಾವುದು ಎಂದು ತಿಳಿದಿತ್ತು. ಚಕ್ರವರ್ತಿಗೆ ಇನ್ನೇನು ಬೇಕು!

ನನ್ನ ಹೆಂಡತಿ ನಾಗರತ್ನಾಳ ತಾಯಿ, ಹೂಲಿಯ ಸುಂದರವ್ವ, ತೀರಿಕೊಂಡು ಆ ಫಾಲ್ಗುಣಕ್ಕೆ ವರ್ಷವಾಗುತ್ತಿತ್ತು. ಅವರದೆಂದು ಇದ್ದದ್ದು ಒಂದೇ ಫೋಟೋ, ನಮ್ಮ ಮದುವೆಯಲ್ಲಿ ತೆಗೆದದ್ದು. ಕಟ್ಟಿನೊಳಗೆ ತೇವ ಹೊಕ್ಕು ತಲೆಯ ಮೇಲೆ, ಗಲ್ಲದ ಮೇಲೆ ಬಿಳಿ ಕಲೆಗಳೆದ್ದಿದ್ದವು. ಹಾಳೆ ಗಾಜಿಗೆ ಅಂಟಿಕೊಂಡಿತ್ತು.

"ವರ್ಷದ ಪೂಜಾಕ್ಕ ನಿಮ್ಮವ್ವನ್ನ ವಸಂತ ಋತುದಾಗ ಕುಂದ್ರಸ್ತೇನಿ, ನೋಡ್ತಿರು" ಎಂದೆ.

"ಇರೂದು ಅದೊಂದ ಐತ್ರಿ. ಜ್ವಾಕಿ" ಎಂದಳು.

ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಅತ್ತೆ ಕಂಪ್ಯೂಟರಿನೊಳಗೆ ಬಂದು ಕೂತರು. ಇನ್ನು ಹಳೆಯದರ ಹಂಗೇನು ಎಂದು, ಗಾಜನ್ನು ಬೇರೆ ಮಾಡಲು ಫೋಟೋವನ್ನು ಬೋಗುಣಿಯ ನೀರಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಗಾಜು ಫಳಫಳ ಹೊಳೆಯುತ್ತಿತ್ತು, ಅತ್ತೆಯ ಮುಖ ನೀರಿನಲ್ಲಿ ತೆಳ್ಳಗಿನ ಅಂಬಲಿಯಾಗಿತ್ತು. ಆದರೂ ಕಂಪ್ಯೂಟರಿನಲ್ಲಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡು, ಹೆಂಡತಿಗೆ ಹೇಳದೆ ನೀರು ಚೆಲ್ಲಿದೆ.

ದಿನಾ ಶಾಲೆ ಬಿಟ್ಟ ಮೇಲೆ ತಾಸೊಪ್ಪತ್ತು ಕೂತು ಹೂ ಬರೆದೆ. ಹಿಂದೆ ಮಾವಿನ ಹೂ, ಬದಿಗೆ ಬೇವಿನ ಹೂ, ಹೂಲಿಯ ಗುಡ್ಡದಲ್ಲಿ ಆ ದಿನಗಳಲ್ಲಿ ಬೆಂಕಿಯ ಹಾಗೆ ಅರಳುವ ಮುತ್ತಲ ಹೂ. ನಿಜ ಹೇಳುತ್ತೇನೆ, ಹೂ ಚೆನ್ನಾಗಿಯೇ ಬಂದಿದ್ದವು. ಕೆಟ್ಟದ್ದು ಅದರ ನಂತರ. ಗಲ್ಲದ ಕಲೆ ತೆಗೆಯಲು ಹೋದೆ, ಸುಕ್ಕುಗಳೂ ಹೋದವು. ಗಲ್ಲ ನುಣುಪಾದ ಮೇಲೆ ಮೂಗು ದೊಡ್ಡದೆನಿಸಿತು, ಸಣ್ಣ ಮಾಡಿದೆ. ಕಣ್ಣಿಗೆ ಕಪ್ಪು ತೀಡಿದರೆ ಒಂದು ಕಣ್ಣು ಸವದತ್ತಿಯ ಕಡೆ, ಇನ್ನೊಂದು ಕಟಕೋಳದ ಕಡೆ ನೋಡತೊಡಗಿತು. ಅದನ್ನು ಸರಿಮಾಡುವಷ್ಟರಲ್ಲಿ ಹುಬ್ಬು ಹೋಯಿತು. ತಲೆಯ ಮೇಲಿನ ಕಲೆ ಏನು ಮಾಡಿದರೂ ಹೋಗಲಿಲ್ಲ. ಅದರ ಮೇಲೊಂದು ಮುತ್ತಲ ಹೂ ಇಟ್ಟೆ, ಅದಕ್ಕೆ ಜೋಡಿಯಾಗಿ ಮತ್ತೆರಡು. ತರಬೇತಿಯಲ್ಲಿ ಹೇಳಿಕೊಟ್ಟಂತೆ ದಿನಾ ಶಿಸ್ತಾಗಿ ಸೇವ್ ಮಾಡಿದೆ. ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ. ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಡಬೇಕೆಂಬ ಪಾಠ ಬಹುಶಃ ನಾಲ್ಕನೆಯ ದಿನದ್ದು.

ಪೂಜೆಯ ದಿನ ಹೊಸ ಕಟ್ಟು ಹಾಕಿಸಿದ ಫೋಟೋವನ್ನು ಮಣೆಯ ಮೇಲಿಟ್ಟೆ. ನಾಗರತ್ನಾ ಅದನ್ನು ನೋಡಿ ಒಳಗೆ ಹೋದಳು. ಹೂಲಿಯಿಂದ ಬೀರವ್ವ ಬಂದಿದ್ದರು, ಅತ್ತೆಯ ಜೊತೆ ನಲವತ್ತು ವರ್ಷ ಹೊಲಕ್ಕೆ ಹೋದವರು. ಫೋಟೋದ ಎದುರಿಗೇ ಕೂತು ಊಟ ಮಾಡಿ, ಹೊರಡುವಾಗ ನನ್ನನ್ನು ಕರೆದರು.

"ಎಲ್ಲಾ ಛಲೋ ಆತ್ರಿ ಮಾಸ್ತರ. ಸುಂದ್ರವ್ವಂದು ಒಂದು ಫೋಟೋ ಇಟ್ಟಿದ್ರ ಚಂದಿತ್ತು."

ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಹೆಂಡತಿಯ ಮುಂದೆ ಬೋಗುಣಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಫೋಟೋ ತೊಡೆಯ ಮೇಲಿಟ್ಟುಕೊಂಡು ತಲೆಯ ಮೇಲಿನ ಆ ಮೂರು ಹೂಗಳನ್ನು ಬೆರಳಿನಿಂದ ಮುಟ್ಟಿದಳು.

"ಅಪ್ಪ ಹ್ವಾದಾಗ ಅವ್ವಗ ಇಪ್ಪತ್ತಾರು ವರ್ಷರಿ. ಆವತ್ತಿಂದ ಸಾಯೂತನಕ ಒಂದು ಹೂ ಮುಡೀಲಿಲ್ಲ" ಎಂದಳು.

ನಾನು ಗಾಬರಿಯಾಗಿ, ನಾಳೆಯೇ ಹೂ ಅಳಿಸಿಬಿಡುತ್ತೇನೆ, ಅದೊಂದು ಕೆಲಸ ನನಗೆ ಬರುತ್ತದೆ ಎಂದೆ.

"ಹೂ ಇರ್ಲಿ ಬಿಡ್ರಿ, ಛಲೋ ಅದಾವು" ಎಂದು ಅವಳು ಸೆರಗಿನಿಂದ ಗಾಜು ಒರೆಸಿದಳು. "ನಮ್ಮವ್ವನ ಮಾರಿ ಅಷ್ಟ ತಂದುಕೊಡ್ರಿ."